ರಕ್ತಕ್ಕೆ ಗಂಡನ್ನ ಓಡಿಸ್ಬೇಡಿ: ಆರೋಗ್ಯ ಸಚಿವರಿಗೆ, ಇಲಾಖೆಯವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರಿಗೆ, ಆರೋಗ್ಯ ಇಲಾಖೆಯ ಎಲ್ಲಾ ಅಧಿಕಾರಿಗಳಿಗೆ ನಮಸ್ಕಾರ.

ನಿಮ್ಮ ಹತ್ರ ನಾನು ಕೇಳ್ತಿರೋದು ಒಂದೇ ಒಂದು ಲೆಕ್ಕ. ಇವತ್ತು ರಾತ್ರಿ 2 ಗಂಟೆಗೆ, ನಮ್ಮ ರಾಜ್ಯದಲ್ಲಿ ಸಿಸೇರಿಯನ್ ಮಾಡೋ ಅಷ್ಟೂ ಸರ್ಕಾರಿ ತಾಲೂಕು ಆಸ್ಪತ್ರೆಗಳಲ್ಲಿ ಎಷ್ಟು ಕಡೆ ಫ್ರಿಜ್ ಒಳಗೆ ಎರಡು ಬಾಟ್ಲಿ ಓ ನೆಗೆಟಿವ್ ರಕ್ತ ಇರುತ್ತೆ, ಆ ಫ್ರಿಜ್ ಇರೋ ರೂಮಿನ ಬೀಗದ ಕೈ ಯಾರ ಹತ್ರ ಇರುತ್ತೆ? ಗ್ರೂಪ್ ನೋಡೋಕೂ ಟೈಮ್ ಇಲ್ದಾಗ ಕೊಡೋ ರಕ್ತ ಅದು, ಅದಕ್ಕೇ ಅದನ್ನೇ ಕೇಳ್ತಿದೀನಿ.

ಯಾಕೆ ಕೇಳ್ತಿದೀನಿ ಅಂದ್ರೆ ಎರಡು ವರ್ಷದ ಹಿಂದೆ ನನ್ನ ತಂಗಿ ಸಾವಿನ ಬಾಯಿಂದ ವಾಪಸ್ ಬಂದ್ಲು. ಎರಡನೇ ಬಸುರಿ, ಮೊದಲನೇದು ಸಿಸೇರಿಯನ್, ಎಂಟು ತಿಂಗಳು ನಡೀತಿತ್ತು, ತವರಿಗೆ ಬಂದಿದ್ಲು, ಶನಿವಾರ ಅಂತ ಅವಳ ಗಂಡನೂ ಬಂದಿದ್ದ. ರಾತ್ರಿ ಒಂದೂವರೆಗೆ ಬಾತ್‌ರೂಮಿಗೆ ಎದ್ದವಳು ಅಲ್ಲಿಂದ್ಲೇ "ಅಕ್ಕಾ" ಅಂತ ಕೂಗಿದ್ಲು. ಹೋಗಿ ನೋಡಿದ್ರೆ ನೋವಿಲ್ಲ, ಏನಿಲ್ಲ, ನಲ್ಲಿ ಬಿಟ್ಟಂಗೆ ರಕ್ತ, ಕಾಲು ಪೂರ್ತಿ ಒದ್ದೆ, ಅವಳಿಗೆ ಹೆದರಿಕೆಗಿಂತ ಜಾಸ್ತಿ ಆಶ್ಚರ್ಯ, "ನೋವೇ ಇಲ್ವಲ್ಲಕ್ಕಾ" ಅಂತಾಳೆ. 108ಕ್ಕೆ ಫೋನ್ ಮಾಡಿದ್ವಿ, ಬೇಗನೇ ಬಂತು, ತಾಲೂಕು ಆಸ್ಪತ್ರೆಗೆ ಹೋದ್ವಿ. ಆಸ್ಪತ್ರೆ ಹೆಸರು ಬರೆಯಲ್ಲ. ಬರೆದ್ರೆ ಅದರ ಪೆಟ್ಟು ಮೊದಲು ಬೀಳೋದು ಆವತ್ತು ನೈಟ್ ಡ್ಯೂಟಿಲಿದ್ದ ಸಿಸ್ಟರ್ ಮೇಲೆ, ನನ್ನ ತಂಗಿನ ಉಳಿಸಿದ್ದು ಅವರೇ.

ಆ ಸಿಸ್ಟರ್ ಮಾಡಿದ್ದನ್ನ ನಾನು ಎದುರಿಗೆ ನಿಂತು ನೋಡಿದೀನಿ. ಮೊದಲು ಸ್ಕ್ಯಾನಿಂಗ್ ಪೇಪರ್ ಕೇಳಿದ್ರು. ಮಾಸು (ಹೊಟ್ಟೇಲಿ ಮಗುನ ಪೋಷಿಸೋ ಪ್ಲಸೆಂಟಾ) ಕೆಳಗಿರೋದು ನೋಡಿದ ತಕ್ಷಣ "ಒಳಗೆ ಕೈ ಹಾಕಿ ಯಾರೂ ಚೆಕ್ ಮಾಡಂಗಿಲ್ಲ" ಅಂತ ಜೋರಾಗಿ ಹೇಳಿ, ಎರಡೂ ಕೈಗೆ ದಪ್ಪ ಸೂಜಿ ಹಾಕಿ ಡ್ರಿಪ್ ಬಿಟ್ಟು, ಎಡಗಡೆ ಮಗ್ಗುಲಿಗೆ ತಿರುಗಿಸಿ ಮಲಗಿಸಿದ್ರು. ಆಮೇಲೆ ಒದ್ದೆಯಾದ ಪ್ಯಾಡು, ಬಟ್ಟೆ ಎಲ್ಲಾ ಒಂದು ಕವರ್‌ಗೆ ತುಂಬಿ, ಹುಟ್ಟಿದ ಮಗು ತೂಕ ಮಾಡೋ ತಕ್ಕಡಿ ಇರುತ್ತಲ್ಲ, ಅದರ ಮೇಲಿಟ್ರು. ಒಣ ಬಟ್ಟೆ ತೂಕ ಕಳೆದು 640 ಅಂತ ರೆಫರ್ ಚೀಟಿ ಮೇಲೆ ಬರೆದ್ರು, ಒಂದು ಗ್ರಾಂ ಅಂದ್ರೆ ಹತ್ರ ಹತ್ರ ಒಂದು ಎಂಎಲ್ ರಕ್ತ ಅಂತೆ. ಮನೇಲಿ ಹೋಗಿದ್ದು ಬೇರೆ, ಅದು ಲೆಕ್ಕಕ್ಕಿಲ್ಲ. ಮೆಡಿಕಲ್ ಕಾಲೇಜಿಗೆ ಅವರೇ ಫೋನ್ ಮಾಡಿ "640 ಹೋಗಿದೆ ಸಾರ್, ಇನ್ನೂ ನಿಂತಿಲ್ಲ, ಹಳೇ ಸಿಸೇರಿಯನ್, ಮಾಸು ಕೆಳಗಿದೆ, ಥಿಯೇಟರ್ ರೆಡಿ ಇಟ್ಕೊಳ್ಳಿ" ಅಂದ್ರು. "ತುಂಬಾ ಬ್ಲೀಡಿಂಗ್" ಅಂದಿದ್ರೆ ಆ ಕಡೆಯವರು ಕಳ್ಸಿ ನೋಡೋಣ ಅಂತಿದ್ರೇನೋ, 640 ಅಂದಿದ್ದಕ್ಕೆ ನಾವು ಹೋಗೋ ಹೊತ್ತಿಗೆ ಥಿಯೇಟರ್ ಲೈಟ್ ಹಾಕ್ಕೊಂಡು ಕೂತಿದ್ರು.

ಆದ್ರೆ ರಕ್ತ ಇರ್ಲಿಲ್ಲ. ತಾಲೂಕು ಆಸ್ಪತ್ರೇಲಿ "ರಕ್ತ ಶೇಖರಣಾ ಘಟಕ" ಅಂತ ಬೋರ್ಡ್ ಇತ್ತು, ಬಾಗಿಲಿಗೆ ಬೀಗ ಇತ್ತು, ಟೆಕ್ನಿಷಿಯನ್ ಬರೋದು ಬೆಳಗ್ಗೆ, ಬಂದ್ರೂ ಒಳಗೆ ಸ್ಟಾಕ್ ಇಲ್ಲ ಅಂದ್ರು. ನನ್ನ ತಂಗಿದು ಅಪರೂಪದ ಗ್ರೂಪೇನಲ್ಲ, ಓ ಪಾಸಿಟಿವ್. ಅವಳ ಗಂಡನ ಕೈಗೆ ಸ್ಯಾಂಪಲ್ ಟ್ಯೂಬು, ಒಂದು ಚೀಟಿ, ಒಂದು ಥರ್ಮಾಕೋಲ್ ಡಬ್ಬ ಕೊಟ್ಟು ಜಿಲ್ಲಾ ಕೇಂದ್ರದ ಬ್ಲಡ್ ಬ್ಯಾಂಕಿಗೆ ಕಳ್ಸಿದ್ರು, ಅಲ್ಲಿಂದ ನೇರ ಮೆಡಿಕಲ್ ಕಾಲೇಜಿಗೆ ಬಾ ಅಂದ್ರು. ಬೈಕಲ್ಲಿ ಡಬ್ಬ ಇಡೋಕೆ ಜಾಗ ಇಲ್ಲ, ಹೆಂಡತಿಯ ವೇಲ್‌ನಲ್ಲೇ ಅದನ್ನ ಹೊಟ್ಟೆಗೆ ಕಟ್ಕೊಂಡು ಹೋದ. ಅಲ್ಲಿ "ಬದಲಿಗೆ ಕೊಡೋರು ಯಾರಿದ್ದಾರೆ" ಅಂತ ಕೇಳಿದ್ರಂತೆ, ರಾತ್ರಿ ಮೂರು ಗಂಟೆಗೆ, ಇವನು ತನ್ನದೇ ಕೊಟ್ಟು, ಕೈಗೆ ಹತ್ತಿ ಒತ್ಕೊಂಡೇ ಮತ್ತೆ ಬೈಕ್ ಹತ್ತಿದಾನೆ. ಕೇಂದ್ರ ಸರ್ಕಾರದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮ ಬಂದಿದ್ದು 2011ರಲ್ಲಿ. ಅದರಲ್ಲಿ ಸರ್ಕಾರಿ ಆಸ್ಪತ್ರೆಗೆ ಬಂದ ಬಸುರಿಗೆ ಬಾಣಂತಿಗೆ ಔಷಧಿ, ಊಟ, ವಾಹನದ ಜೊತೆ ರಕ್ತಾನೂ ಉಚಿತ ಅಂತ ಸ್ಪಷ್ಟವಾಗಿದೆ. ಉಚಿತ ಅಂದ್ರೆ ದುಡ್ಡು ತಗೊಳಲ್ಲ ಅಂತ ಮಾತ್ರಾನಾ, ಅಥವಾ ಆ ರಕ್ತ ಅಲ್ಲಿ ಇರುತ್ತೆ ಅಂತಾನೂ ಅರ್ಥಾನಾ, ಇದನ್ನ ನೀವು ಹೇಳ್ಬೇಕು.

ಮೆಡಿಕಲ್ ಕಾಲೇಜಲ್ಲಿ ಹೊಟ್ಟೆ ತೆಗೆದು ನೋಡಿದ್ರೆ ಮಾಸು ಹಳೇ ಹೊಲಿಗೆ ಜಾಗದಲ್ಲಿ ಗರ್ಭಕೋಶದ ಒಳಗೇ ಬೇರು ಬಿಟ್ಟು, ಮುಂದೆ ಮೂತ್ರಚೀಲದ ತನಕ ಹೋಗಿತ್ತು. ಪ್ಲಸೆಂಟಾ ಅಕ್ರೀಟಾ ಅಂತಾರೆ ಇದಕ್ಕೆ, ನಮ್ಮವಳದು ಅದರಲ್ಲೇ ಜಾಸ್ತಿ ಆಳಕ್ಕೆ ಹೋಗಿರೋ ಪರ್ಕ್ರೀಟಾ. ಸಾಮಾನ್ಯವಾಗಿ ಮಗು ಬಂದ್ಮೇಲೆ ಮಾಸು ತಾನಾಗೇ ಬಿಡುತ್ತೆ, ಇದು ಬಿಡಲ್ಲ, ಕಿತ್ತರೆ ರಕ್ತ ನಿಲ್ಲಲ್ಲ. ತುಂಬಿದ ಬಸುರೀಲಿ ಗರ್ಭಕೋಶಕ್ಕೆ ಒಂದು ನಿಮಿಷಕ್ಕೆ 600–700 ಎಂಎಲ್ ರಕ್ತ ಹರೀತಿರುತ್ತೆ ಅಂತ ಆಮೇಲೆ ತಿಳೀತು, ಲೆಕ್ಕ ಹಾಕ್ನೋಡಿ, ಮೈಯಲ್ಲಿರೋ ರಕ್ತ ಎಲ್ಲಾ ಖಾಲಿ ಆಗೋಕೆ ಎಷ್ಟು ನಿಮಿಷ ಬೇಕು ಅಂತ. ಗರ್ಭಕೋಶ ತೆಗೆದ್ರು. ಒಂಬತ್ತು ಬಾಟ್ಲಿ ರಕ್ತ ಹಾಕಿದ್ರು, ಪ್ಲಾಸ್ಮಾ ಬೇರೆ. ಮಗು ಎರಡು ಕೆಜಿ, ಹೆಣ್ಣು, ಗಾಜಿನ ಪೆಟ್ಟಿಗೇಲಿ ಹದಿನೆಂಟು ದಿನ ಇದ್ಲು, ಈಗ ಮನೆ ತುಂಬಾ ಓಡಾಡ್ತಾಳೆ.

ಈಗ ನನ್ನ ಸಿಟ್ಟಿನ ವಿಷಯಕ್ಕೆ ಬರ್ತೀನಿ. ಡಾಕ್ಟರ್ ಹೇಳಿದ್ದು "ಇದು ತುಂಬಾ ಅಪರೂಪ ಕಣಮ್ಮಾ" ಅಂತ. ಅವರು ಸಮಾಧಾನಕ್ಕೆ ಹೇಳಿದ್ದು, ತಪ್ಪು ತಿಳ್ಕೊಂಡಿಲ್ಲ. ಆದ್ರೆ ಐದನೇ ತಿಂಗಳ ಸ್ಕ್ಯಾನ್ ರಿಪೋರ್ಟ್‌ನಲ್ಲಿ ಇಂಗ್ಲಿಷಲ್ಲಿ ಒಂದೇ ಸಾಲು ಇತ್ತು, ಮಾಸು ಕೆಳಗಿದೆ, ಗರ್ಭಕೋಶದ ಬಾಯಿನ ಅದು ಮುಚ್ಕೊಂಡಿದೆ ಅಂತ. ಆ ಸಾಲನ್ನ ಯಾರೂ ನಮಗೆ ಓದಿ ಹೇಳ್ಲಿಲ್ಲ, ತಾಯಿ ಕಾರ್ಡಲ್ಲಿ ಬರೀಲಿಲ್ಲ, ಎಂಟನೇ ತಿಂಗಳಿಗೆ ಮತ್ತೆ ಸ್ಕ್ಯಾನ್ ಮಾಡಿಸಿ ಅನ್ಲಿಲ್ಲ. ಮಾಸು ಕೆಳಗಿದ್ದು, ಒಂದು ಸಿಸೇರಿಯನ್ ಮೊದಲೇ ಆಗಿದ್ರೆ, ಹೀಗೆ ಬೇರು ಬಿಡೋ ಸಾಧ್ಯತೆ ನೂರಕ್ಕೆ 11, ಎರಡು ಆಗಿದ್ರೆ 40, ಮೂರು ಆಗಿದ್ರೆ 61 ಅಂತ ಅಮೆರಿಕದಲ್ಲಿ 2006ರಲ್ಲೇ ದೊಡ್ಡ ಅಧ್ಯಯನ ಬಂದಿದೆ. ಒಂಬತ್ತು ಜನರಲ್ಲಿ ಒಬ್ಬಳು ಅನ್ನೋದು ಅಪರೂಪ ಹೆಂಗಾಗುತ್ತೆ? ಮೊದಲೇ ಗೊತ್ತಿದ್ರೆ ದಿನ ಗೊತ್ತು ಮಾಡ್ಕೊಂಡು, ರಕ್ತ ಪಕ್ಕದಲ್ಲಿ ಇಟ್ಕೊಂಡು, ಸರ್ಜನ್, ಅರಿವಳಿಕೆ ಡಾಕ್ಟರ್ ಎಲ್ಲಾ ಇರೋ ಕಡೆ, ಹಗಲು ಹೊತ್ತಲ್ಲಿ ಆಪರೇಷನ್ ಮಾಡೋ ಕಾಯಿಲೆ ಇದು. ಕರ್ನಾಟಕದಲ್ಲಿ ನೂರು ಹೆರಿಗೇಲಿ 31ಕ್ಕಿಂತ ಹೆಚ್ಚು ಸಿಸೇರಿಯನ್, ಖಾಸಗಿ ಆಸ್ಪತ್ರೆಗಳಲ್ಲಿ ಅರ್ಧಕ್ಕೂ ಜಾಸ್ತಿ, ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಲೆಕ್ಕ ಇದು. ಇವತ್ತು ಮಾಡಿರೋ ಒಂದೊಂದು ಸಿಸೇರಿಯನ್ನೂ ಮುಂದಿನ ಬಸುರೀಲಿ ನೋಡ್ಕೋಬೇಕಾದ ಒಂದು ಹೊಲಿಗೆ. ಈ ಕಾಯಿಲೆ ಕಮ್ಮಿ ಆಗಲ್ಲ ಸಾರ್, ಜಾಸ್ತಿನೇ ಆಗೋದು.

ರಕ್ತ ಅಳೆಯೋ ವಿಷಯ ಇನ್ನೊಂದಿಷ್ಟು ಹೇಳ್ಬೇಕು, ಯಾಕಂದ್ರೆ ಅದು ನಮ್ಮದೇ ಮನೆ ಕಥೆ. ಹೆರಿಗೆ ಆದ್ಮೇಲೆ ರಕ್ತ ಎಷ್ಟು ಹೋಯ್ತು ಅಂತ ಕಣ್ಣಂದಾಜಲ್ಲಿ ಹೇಳೋರು ಸಾಮಾನ್ಯವಾಗಿ ಕಮ್ಮಿನೇ ಹೇಳ್ತಾರೆ, ಎಷ್ಟೇ ಅನುಭವ ಇರ್ಲಿ. ಇದಕ್ಕೇ ಬೆಳಗಾವಿಯಲ್ಲಿ ಒಂದು ಪ್ಲಾಸ್ಟಿಕ್ ಹಾಳೆ ಮಾಡಿದ್ರು, ಹೆರಿಗೆ ಆಗ್ತಿದ್ದಂಗೆ ಸೊಂಟದ ಕೆಳಗೆ ಹಾಸೋದು, ತುದೀಲಿ ಚೀಲದ ತರ ಇಳಿಬಿದ್ದಿರುತ್ತೆ, ಅದರ ಮೇಲೆ ಅಳತೆ ಗೆರೆ, ರಕ್ತ ಅದರೊಳಗೆ ಇಳಿಯುತ್ತೆ, ನೋಡಿದ್ರೆ ಎಷ್ಟು ಅಂತ ಗೊತ್ತಾಗುತ್ತೆ, ಅಷ್ಟೇ. ಬ್ರಾಸ್-ವಿ ಡ್ರೇಪ್ ಅಂತ ಹೆಸರು. ಕಣ್ಣಂದಾಜು ಈ ಅಳತೆಗಿಂತ ಮೂರರಲ್ಲಿ ಒಂದು ಪಾಲು ಕಮ್ಮಿ ಬರುತ್ತೆ ಅಂತ 2006ರಲ್ಲೇ ಬೆಳಗಾವಿಯವರು ತೋರಿಸಿದ್ರು. ಅದೇ ವರ್ಷ ಬೆಳಗಾವಿ ಜಿಲ್ಲೆ ಹಳ್ಳಿಗಳಲ್ಲಿ 1620 ಹೆಂಗಸರ ಮೇಲೆ ಮಾಡಿದ ಅಧ್ಯಯನ ಬಂತು, ಹಳ್ಳಿ ಹೆರಿಗೆ ನೋಡ್ಕೊಳ್ಳೋ ಎಎನ್ಎಂ ಸಿಸ್ಟರ್‌ಗಳೇ ಹೆರಿಗೆ ಆದ ತಕ್ಷಣ ಗರ್ಭಕೋಶ ಬಿಗಿ ಮಾಡೋ ಮಿಸೊಪ್ರೊಸ್ಟಾಲ್ ಮಾತ್ರೆ ಕೊಟ್ಟಿದ್ದಕ್ಕೆ ಅತಿ ರಕ್ತಸ್ರಾವ ಹತ್ರ ಹತ್ರ ಅರ್ಧಕ್ಕೆ ಇಳೀತು. ಆಮೇಲೆ 2023ರಲ್ಲಿ ಕೀನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾ, ತಾಂಜಾನಿಯಾದ 80 ಆಸ್ಪತ್ರೆಗಳಲ್ಲಿ, ಎರಡು ಲಕ್ಷಕ್ಕೂ ಹೆಚ್ಚು ಹೆರಿಗೇಲಿ, ಇಂಥದ್ದೇ ಅಳತೆ ಹಾಳೆ ಹಾಸಿ, ಗೆರೆ ದಾಟಿದ ತಕ್ಷಣ ಮಸಾಜು, ಗರ್ಭಕೋಶ ಬಿಗಿ ಆಗೋ ಔಷಧಿ, ರಕ್ತ ನಿಲ್ಲೋಕೆ ಕೊಡೋ ಟ್ರಾನೆಕ್ಸಾಮಿಕ್ ಆಸಿಡ್ ಇಂಜೆಕ್ಷನ್, ಡ್ರಿಪ್, ತಪಾಸಣೆ ಎಲ್ಲಾ ಒಂದರ ಹಿಂದೆ ಒಂದು ಕಾಯದೇ ಒಟ್ಟಿಗೇ ಶುರು ಮಾಡಿದ್ರೆ, ಅಪಾಯದ ರಕ್ತಸ್ರಾವ ಮತ್ತೆ ಅದರಿಂದ ಆಗೋ ಆಪರೇಷನ್, ಸಾವು ಎಲ್ಲಾ ಸೇರಿ ನೂರಕ್ಕೆ 60 ಕಮ್ಮಿ ಆಯ್ತು. ಆ ಟ್ರಾನೆಕ್ಸಾಮಿಕ್ ಇಂಜೆಕ್ಷನ್ ಹೆರಿಗೆಯಾದ ಮೂರು ಗಂಟೆ ಒಳಗೆ ಕೊಟ್ರೆ ಮಾತ್ರ ಉಪಯೋಗ ಅನ್ನೋದೂ 2017ರಿಂದ ಗೊತ್ತಿರೋದೇ. ಬೆಳಗಾವಿ ಬುದ್ಧಿ ಆಫ್ರಿಕಾಗೆ ಹೋಗಿ ಜೀವ ಉಳಿಸ್ತು, ನಮ್ಮ ಸಿಸ್ಟರ್ ಮಾತ್ರ ಮಗು ತೂಕದ ತಕ್ಕಡೀಲಿ ಅಳೀತಿದಾರೆ. ಗರ್ಭಕೋಶ ಬಿಗಿ ಮಾಡೋ ಆಕ್ಸಿಟೋಸಿನ್ ಇಂಜೆಕ್ಷನ್ 2ರಿಂದ 8 ಡಿಗ್ರಿ ತಂಪಲ್ಲಿ ಇಡ್ಬೇಕು, ಏಪ್ರಿಲ್ ತಿಂಗಳ ಕಲಬುರಗಿ ರಾಯಚೂರಿನ ಬಿಸಿಲಲ್ಲಿ ಹೆರಿಗೆ ರೂಮಿನ ಟ್ರೇಲಿ ದಿನಗಟ್ಲೆ ಬಿದ್ದಿದ್ರೆ ಅದರ ಶಕ್ತಿ ಹೋಗುತ್ತೆ, ಇದನ್ನ ಚೆಕ್ ಮಾಡೋರು ಯಾರು ಅಂತಾನೂ ದಯವಿಟ್ಟು ತಿಳ್ಸಿ.

ಇನ್ನು ಉಸಿರಿನ ವಿಷಯ. ತಂಗಿ ಐಸಿಯುವಿಂದ ಹೊರಗೆ ಬಂದ್ಮೇಲೆ ಪಕ್ಕದ ಬೆಡ್ಡಲ್ಲಿ ಒಬ್ಬ ಹುಡುಗಿ ಇದ್ಲು, ಹೆಸರು ಬೇಡ, ಇಪ್ಪತ್ತಮೂರು ವರ್ಷ, ಹೆರಿಗೆ ಆಗಿ ಹನ್ನೆರಡು ದಿನ. ಅವಳು ಮಲಗ್ತಾ ಇರ್ಲಿಲ್ಲ. ರಾತ್ರಿಯೆಲ್ಲಾ ಎರಡು ದಿಂಬು, ಅದರ ಮೇಲೆ ಮಡಚಿದ ಕಂಬಳಿ ಇಟ್ಕೊಂಡು ಕೂತೇ ಇರೋಳು, ಒರಗಿದ್ರೆ ನೀರಲ್ಲಿ ಮುಳುಗಿದಂಗೆ ಆಗುತ್ತೆ ಅನ್ನೋಳು. ಒಂದು ವಾಕ್ಯ ಪೂರ್ತಿ ಹೇಳೋಕೆ ನಡುವೆ ಎರಡು ಸಲ ನಿಲ್ಲೋಳು. ಒಂಬತ್ತನೇ ತಿಂಗಳಿಂದ್ಲೇ ಹಿಂಗೇ ಇತ್ತಂತೆ. ಊರಲ್ಲಿ ತುಂಬಿದ ಬಸುರಿಗೆ ಏದುಸಿರು ಇದ್ದಿದ್ದೇ ಅಂದ್ರು, ಕ್ಲಿನಿಕ್ಕಲ್ಲಿ ಗ್ಯಾಸ್ ಅಂದ್ರು, ಇನ್ನೊಂದು ಕಡೆ ರಕ್ತ ಕಮ್ಮಿ ಇದೆ ಅಂತ ಐರನ್ ಮಾತ್ರೆ ಕೊಟ್ರು. ಬಸುರೀಲಿ ಸ್ವಲ್ಪ ಏದುಸಿರು ಬರೋದು ನಿಜ, ಅದಕ್ಕೇ ಮೋಸ ಆಗೋದು. ಇವಳದು ಹೃದಯವೇ ಸೋತು ಹೋಗಿತ್ತು, ಹೆರಿಗೆಗೆ ಒಂದು ತಿಂಗಳ ಮುಂಚಿಂದ ಹಿಡಿದು ಆದ ಐದು ತಿಂಗಳ ತನಕ ಬರಬಹುದಾದ ಹೃದಯದ ಸ್ನಾಯು ಕಾಯಿಲೆ, ಒಂದು ಎಕೋ, ಅಂದ್ರೆ ಹೃದಯದ ಸ್ಕ್ಯಾನ್, ಮಾಡಿದ್ರೆ ಕಾಣುತ್ತೆ. ಎಕೋ ಆಗಿದ್ದು ಹನ್ನೊಂದನೇ ದಿನ. ಅವಳು ಹೋಗ್ಬಿಟ್ಲು. ಅವರಮ್ಮ ಮಗುನ ನನ್ನ ಕೈಗೆ ಕೊಟ್ಟು ಪೇಪರ್‌ಗೆ ಸೈನ್ ಮಾಡೋಕೆ ಹೋದ್ರು, ವಾಪಸ್ ಬರೋಕೆ ಮುಕ್ಕಾಲು ಗಂಟೆ ಆಯ್ತು, ಮಗು ಅಷ್ಟೂ ಹೊತ್ತು ನಿದ್ದೆ ಮಾಡ್ತಿತ್ತು.

ಚಿಕ್ಕಂದಿನಲ್ಲಿ ಕೀಲು ಜ್ವರ ಬಂದು ಹೃದಯದ ಕವಾಟ ಹಾಳಾಗಿರೋದು ಎಷ್ಟೋ ಹೆಣ್ಮಕ್ಕಳಿಗೆ ಬಸುರಿ ಆದಾಗ್ಲೇ ಮೊದಲ ಸಲ ಗೊತ್ತಾಗೋದು. ಬಿಪಿ ಜಾಸ್ತಿ ಆಗಿ ಶ್ವಾಸಕೋಶದಲ್ಲಿ ನೀರು ತುಂಬೋದಿದೆ. ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿ ಅದು ಮೇಲೆ ಶ್ವಾಸಕೋಶಕ್ಕೆ ಹೋಗಿ ಸಿಕ್ಕೊಳ್ಳೋದಿದೆ, ಬಸುರಿಯರಿಗೆ ಇದು ಬೇರೆಯವರಿಗಿಂತ ನಾಲ್ಕೈದು ಪಟ್ಟು ಜಾಸ್ತಿ, ಹೆರಿಗೆ ಆದ ಮೊದಲ ಆರು ವಾರ ಇನ್ನೂ ಜಾಸ್ತಿ. ಇಲ್ಲಿ ನಾನು ಸಚಿವರಿಗಲ್ಲ, ನಮ್ಮ ಅಮ್ಮ ಅಜ್ಜಿಯರಿಗೆ ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಬಾಣಂತಿಗೆ ನೀರು ಕೊಟ್ರೆ ಹೊಟ್ಟೆ ಬರುತ್ತೆ, ಶೀತ ಆಗುತ್ತೆ ಅಂತ ಒಂದು ಲೋಟ ನೀರಿಗೂ ಲೆಕ್ಕ ಇಡೋದು, ತಲೆಗೆ ಬಟ್ಟೆ ಕಟ್ಟಿ ತಿಂಗಳುಗಟ್ಲೆ ಮಂಚ ಇಳಿಸ್ದೇ ಇರೋದು, ಇದರಿಂದ ರಕ್ತ ಗಟ್ಟಿಯಾಗಿ ಹೆಪ್ಪುಗಟ್ಟೋದು ಸುಲಭ ಆಗುತ್ತೆ. ಸಿಸೇರಿಯನ್ ಆದವಳನ್ನ ನಿಧಾನಕ್ಕೆ ಓಡಾಡಿಸಿ, ಬಾಯಾರಿದಾಗ ನೀರು ಕೊಡಿ. ಒಂದೇ ಕಾಲು ಊದ್ಕೊಂಡು ಮೀನಖಂಡ ನೋಯ್ತಿದ್ರೆ ಎಣ್ಣೆ ಹಚ್ಚಿ ನೀವ್ಬೇಡಿ, ಆಸ್ಪತ್ರೆಗೆ ಕರ್ಕೊಂಡ್ಹೋಗಿ. ನಮ್ಮಮ್ಮನೂ ಎಣ್ಣೆ ಬಿಸಿ ಮಾಡೋಕೆ ಎದ್ದಿದ್ರು, ನಾನೇ ತಡೆದಿದ್ದು.

ಇದೆಲ್ಲದಕ್ಕಿಂತ ಅಪರೂಪದ್ದು ಒಂದಿದೆ, ಗರ್ಭದ ನೀರು ತಾಯಿಯ ರಕ್ತಕ್ಕೆ ಸೇರಿ ಆಗೋದು, ಲಕ್ಷ ಹೆರಿಗೇಲಿ ಎರಡೋ ಮೂರೋ. ಅದು ಯಾರಿಗೆ ಬರುತ್ತೆ ಅಂತ ಯಾವ ಟೆಸ್ಟೂ ಹೇಳಲ್ಲ. ಚೆನ್ನಾಗಿ ಮಾತಾಡ್ತಿದ್ದವಳು ಇದ್ದಕ್ಕಿದ್ದಂಗೆ ಉಸಿರು ಸಿಗ್ತಿಲ್ಲ ಅಂತಾಳೆ, ಏನೋ ಆಗ್ತಿದೆ ಅಂತ ಭಯ ಪಡ್ತಾಳೆ, ನಿಮಿಷದೊಳಗೆ ಬಿಪಿ ಬಿದ್ದು ಹೃದಯ ನಿಲ್ಲಬಹುದು, ಅದರಿಂದ ಎದ್ದು ಬಂದ್ರೆ ಆಮೇಲೆ ರಕ್ತ ಹೆಪ್ಪುಗಟ್ಟೋ ಶಕ್ತಿನೇ ಹೋಗಿ ಸೂಜಿ ಚುಚ್ಚಿದ ಜಾಗದಿಂದ್ಲೂ ರಕ್ತ ಬರುತ್ತೆ. ಉಸಿರು, ಹಿಂದೇನೇ ರಕ್ತ. ಅಲ್ಲಿ ಬೇಕಾಗೋದು ಆ ರೂಮಲ್ಲಿ ಇರೋರಿಗೆ ಎದೆ ಒತ್ತೋಕೆ ಬರ್ಬೇಕು, ಗರ್ಭಕೋಶನ ಎಡಕ್ಕೆ ಸರಿಸಿ ಹಿಡೀಬೇಕು ಅಂತ ಗೊತ್ತಿರ್ಬೇಕು, ಹೃದಯ ನಿಂತ ಐದು ನಿಮಿಷದೊಳಗೆ ಮಗುನ ಹೊರಗೆ ತೆಗೆಯೋ ಧೈರ್ಯ ಇರ್ಬೇಕು, ರಕ್ತ ಪ್ಲಾಸ್ಮಾ ಇರ್ಬೇಕು. ಥರ್ಮಾಕೋಲ್ ಡಬ್ಬ ಹಿಡ್ಕೊಂಡು ಹೋಗಿ ಬರೋಷ್ಟು ಟೈಮ್ ಇಲ್ಲಿಲ್ಲ.

2024ರ ನವೆಂಬರಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಸಾಲಾಗಿ ತೀರ್ಕೊಂಡಾಗ ಇಡೀ ರಾಜ್ಯ ಅವರಿಗೆ ಹಾಕಿದ ರಿಂಗರ್ ಲ್ಯಾಕ್ಟೇಟ್ ಡ್ರಿಪ್ ಬಾಟ್ಲಿ ಬಗ್ಗೆ ಮಾತಾಡ್ತು, ಮಾತಾಡ್ಲೇಬೇಕಿತ್ತು. ಆಮೇಲೆ ನೀವೇ ರಾಜ್ಯದ ತಾಯಂದಿರ ಸಾವುಗಳನ್ನೆಲ್ಲಾ ಆಡಿಟ್ ಮಾಡಿಸಿದ್ರಿ, ನೂರಕ್ಕೆ 70ಕ್ಕಿಂತ ಹೆಚ್ಚು ಸಾವು ತಡೀಬಹುದಿತ್ತು ಅಂತ ಬಂತು. ಅದನ್ನ ಮುಚ್ಚಿಡ್ದೇ ಹೇಳಿದ್ದಕ್ಕೆ ನಿಜವಾಗ್ಲೂ ಗೌರವ ಇದೆ. ಆದ್ರೆ ಸಾವಾದ ಕೂಡ್ಲೇ ಯಾರನ್ನೋ ಸಸ್ಪೆಂಡ್ ಮಾಡೋದು, ಹೊರಗೆ ಗಲಾಟೆ, ಕಲ್ಲು ತೂರಾಟ, ಇದರಿಂದ ಏನಾಗ್ತಿದೆ ಅಂದ್ರೆ ಮುಂದಿನ ಸಲ ಡ್ಯೂಟಿಲಿರೋರು ರಿಸ್ಕ್ ಅನ್ಸಿದ್ದನ್ನೆಲ್ಲಾ ಮುಟ್ದೇನೇ ರೆಫರ್ ಮಾಡ್ತಾರೆ, ಫೈಲಲ್ಲಿ "ಅಪರೂಪದ, ಊಹಿಸಲಾಗದ ತೊಡಕು" ಅಂತ ಬರೀತಾರೆ. ಕೇರಳದಲ್ಲಿ ಅಲ್ಲಿನ ಹೆರಿಗೆ ಡಾಕ್ಟರ್‌ಗಳ ಸಂಘದವರೇ 2004ರಿಂದ ತಾಯಂದಿರ ಸಾವುಗಳನ್ನ ಹೆಸರಿಲ್ದೇ, ಊರಿಲ್ದೇ, ಯಾರ ಮೇಲೂ ತಪ್ಪು ಹೊರಿಸ್ದೇ ಕೂತು ಓದ್ತಾರೆ, ಯಾಕೆ ಸತ್ತರು ಅಂತ ಪುಸ್ತಕ ಮಾಡ್ತಾರೆ, ಅದರಿಂದ ಟ್ರೈನಿಂಗ್ ಕೊಡ್ತಾರೆ. 2018–20ರ ಲೆಕ್ಕದಲ್ಲಿ ಲಕ್ಷ ಹೆರಿಗೆಗೆ ಕೇರಳದಲ್ಲಿ 19 ತಾಯಂದಿರು ತೀರ್ಕೊಂಡ್ರೆ ನಮ್ಮಲ್ಲಿ 69, ದಕ್ಷಿಣದ ರಾಜ್ಯಗಳಲ್ಲೇ ಜಾಸ್ತಿ. ಕೇರಳದ್ದು ಬರೀ ಈ ಓದಿನಿಂದ ಆಗಿದ್ದಲ್ಲ, ಗೊತ್ತು. ಆದ್ರೆ ನಮ್ಮಲ್ಲೂ ಹಂಗೆ ಓದ್ಬಹುದಲ್ವಾ? ಸತ್ತವರದ್ದು ಮಾತ್ರ ಅಲ್ಲ, ನನ್ನ ತಂಗಿ ತರ ಕೂದಲೆಳೆಯಲ್ಲಿ ಉಳಿದವರದ್ದೂ ಓದಿ. ಆ ಸಿಸ್ಟರ್‌ಗೆ ಯಾರಾದ್ರೂ ಕರೆದು, ನೀವು ಆವತ್ತು ಏನು ಮಾಡಿದ್ರಿ, ಉಳಿದವರಿಗೂ ಹೇಳ್ಕೊಡಿ ಅಂತ ಕೇಳಿದಾರಾ? ನಾನು ಹೋಗಿ ಕೇಳ್ದೆ. ಇಲ್ಲ ಅಂದ್ರು.

ಸಾರ್, ದೊಡ್ಡ ಕಟ್ಟಡ ಕೇಳ್ತಿಲ್ಲ. ಹಳೇ ಸಿಸೇರಿಯನ್ ಇದ್ದು ಮಾಸು ಕೆಳಗಿದ್ರೆ ತಾಯಿ ಕಾರ್ಡ್ ಮೇಲೆ ಕೆಂಪು ಇಂಕಲ್ಲಿ, ಕನ್ನಡದಲ್ಲಿ ಬರೀರಿ, ಎಲ್ಲಿ ಹೆರಿಗೆ ಆಗ್ಬೇಕು ಅಂತಾನೂ ಬರೀರಿ. ಹೆರಿಗೆ ಆಗೋ ಎಲ್ಲಾ ಕಡೆ ಬೆಳಗಾವಿ ಹಾಳೆ ಹಾಸಿ. ಕೋವಿಡ್ ಟೈಮಲ್ಲಿ ಊರೂರಿಗೆ ಬಂದ ಬೆರಳಿಗೆ ಹಾಕೋ ಆಕ್ಸಿಮೀಟರ್ ಎಲ್ಲಿ ಬಿದ್ದಿವೆ ಹುಡುಕಿ ಆಶಾ ಅಕ್ಕಂದಿರ ಕೈಗೆ ಕೊಡಿ. ಮಲಗೋಕೆ ಆಗಲ್ಲ ಅನ್ನೋ ಬಾಣಂತಿಗೆ ಉಸಿರು ಎಣಿಸ್ಬೇಕು, ನಿಮಿಷಕ್ಕೆ 30 ದಾಟಿದ್ರೆ, ಆಕ್ಸಿಜನ್ 94ಕ್ಕಿಂತ ಕೆಳಗಿದ್ರೆ ಅವತ್ತೇ ದೊಡ್ಡಾಸ್ಪತ್ರೆ, ಗ್ಯಾಸ್ ಮಾತ್ರೆ ಅಲ್ಲ ಅಂತ ಆರ್ಡರ್ ಮಾಡಿ. ತಿಂಗಳಿಗೊಂದು ಸಲ ಹೆರಿಗೆ ರೂಮಲ್ಲಿ, ರಾತ್ರಿ ಪಾಳಿಯಲ್ಲಿ, ಸುಳ್ಳು ಎಮರ್ಜೆನ್ಸಿ ಮಾಡಿ ಪ್ರಾಕ್ಟೀಸ್ ಮಾಡಿಸಿ.

ಮತ್ತೆ ಆ ಲೆಕ್ಕ. ಯಾವ ತಾಲೂಕು ಆಸ್ಪತ್ರೇಲಿ ಎಷ್ಟು ಬಾಟ್ಲಿ ರಕ್ತ ಇದೆ, ಬೀಗದ ಕೈ ಯಾರ ಹತ್ರ ಇದೆ, ದಿನಾ ರಾತ್ರಿ ಎಂಟು ಗಂಟೆಗೆ ಇಲಾಖೆ ವೆಬ್‌ಸೈಟಲ್ಲಿ ಹಾಕಿ, ಆಸ್ಪತ್ರೆ ಗೇಟಲ್ಲೂ ಬರೀರಿ. ತಂಗಿ ಗಂಡ ಆ ಥರ್ಮಾಕೋಲ್ ಡಬ್ಬನ ಇನ್ನೂ ಎಸೆದಿಲ್ಲ, ಮಂಚದ ಕೆಳಗೆ ಇಟ್ಟಿದಾನೆ. ಯಾಕೋ ಇಟ್ಕೊಂಡಿದೀಯಾ ಅಂದ್ರೆ, "ಊರಲ್ಲಿ ಇನ್ನೂ ಮೂವರು ಬಸುರಿಯರಿದ್ದಾರಲ್ಲ ಅಕ್ಕಾ, ಯಾರಿಗಾದ್ರೂ ಬೇಕಾಗುತ್ತೆ" ಅಂತಾನೆ.

ನಿಮ್ಮ ಉತ್ತರ ಕಾಯ್ತಿರೋ,
ಒಬ್ಬ ಅಕ್ಕ, ಸರ್ಕಾರಿ ಶಾಲೆ ಟೀಚರ್